ನಾಲ್ಕು ಅಕ್ಷರದ ಕಟ್ಟು

ಬಂಟ್ವಾಳ,
6-3-1958

ಕಾಂತಿಗೆ,

ಪ್ರೆಸ್ಸಿನ ಮೇಜಿನಿಂದಲೇ ಬರೆಯುತ್ತಿದ್ದೇನೆ, ಶಾಯಿ ಮೆತ್ತಿದ್ದರೆ ಬೈಯಬೇಡ.

ಹೋದ ವಾರ ಮದರಾಸಿನಿಂದ ಒಬ್ಬರು ಬಂದಿದ್ದರು. ಅಚ್ಚಿನ ಮೊಳೆ ಎರಕ ಹೊಯ್ಯುವ ಕಾರ್ಖಾನೆಯವರು. ಬಿ.ಸಿ.ರೋಡಿನಲ್ಲಿ ಬಸ್ಸು ಕಾಯುವಾಗ ಹೋಟೆಲಿನ ಗೋಡೆಗೆ ಅಂಟಿಸಿದ ಯಕ್ಷಗಾನದ ನೋಟೀಸು ಅವರ ಕಣ್ಣಿಗೆ ಬಿದ್ದಿದೆ. ಎಲ್ಲರೂ ಮೇಳ ಯಾವುದು, ಪ್ರಸಂಗ ಯಾವುದು ಎಂದು ನೋಡಿದರೆ ಈ ಮನುಷ್ಯ ಅಕ್ಷರ ಯಾವುದು ಎಂದು ನೋಡಿದ್ದಾರೆ. ಹೋಟೆಲಿನವರು ನಮ್ಮ ದಾರಿ ತೋರಿಸಿದ್ದಾರೆ. ಹತ್ತುವ ಬಸ್ಸನ್ನು ಬಿಟ್ಟು ಪ್ರೆಸ್ಸಿಗೆ ಬಂದು, "ಈ ದೊಡ್ಡ ಅಕ್ಷರ ಎಲ್ಲಿಂದ ತರಿಸಿದ್ದು?" ಎಂದು ಕೇಳಿದರು. "ಪೇರಳೆ ಮರದ್ದು. ನಾನೇ ಕೊರೆದದ್ದು" ಎಂದೆ. ನಂಬಲಿಲ್ಲ. ನಮ್ಮ ಕಂಪೋಸಿಟರ್ ಶೇಷಪ್ಪ ಅಕ್ಷರ ತುಂಬಿಡುವ ಕೇಸು ಎಳೆದು ಒಂದೊಂದೇ ತೋರಿಸಿದ ಮೇಲೆ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

ಯಾಕೆ ಶುರು ಮಾಡಿದಿರಿ ಎಂದು ಕೇಳಿದರು. ಕೆಲವು ಅಕ್ಷರ ಕಡಿಮೆ ಬಿದ್ದಿತ್ತು ಎಂದೆ. ಕಡಿಮೆ ಬಿದ್ದರೆ ಮಂಗಳೂರಿನಿಂದ ತರಿಸಬಹುದಿತ್ತಲ್ಲ ಎಂದರು. ನಾನು ಕೇಸನ್ನು ಒಳಗೆ ತಳ್ಳಿದೆ.

ಈಗ ವಿಷಯ ಏನೆಂದರೆ, ಅವರು ಇದನ್ನು ಸಣ್ಣದು ಮಾಡಿ ಸೀಸದಲ್ಲಿ ಎರಕ ಹೊಯ್ಯುತ್ತಾರಂತೆ. ಮೈಸೂರು ರಾಜ್ಯದ ಪ್ರೆಸ್ಸುಗಳಿಗೆಲ್ಲ ಹೋಗುತ್ತದಂತೆ. ಎಲ್ಲ ಅಕ್ಷರಗಳನ್ನೂ ಅಚ್ಚೊತ್ತಿ ಹಾಳೆ ಕಳಿಸಬೇಕು, ಮತ್ತು ಆಗಸ್ಟ್ ಹದಿನೈದರ ಒಳಗೆ ಒಂದು ಹೆಸರು ಕಳಿಸಬೇಕು. "ಒಮ್ಮೆ ಕೇಳಿದವ ಮರೆಯಬಾರದು, ಅಂಥ ಹೆಸರು" ಎಂದು ಎರಡೆರಡು ಸಲ ಹೇಳಿ ಹೋದರು.

ಅಕ್ಷರಕ್ಕೆ ಹೆಸರಿಡುವುದು ಹೇಗೆ ಮಾರಾಯ್ತಿ? ಎಮ್ಮೆಗೆ ಇಟ್ಟದ್ದುಂಟು, ಬಸ್ಸಿಗೆ ಇಡುವುದನ್ನು ನೋಡಿದ್ದುಂಟು. ಶೇಷಪ್ಪ ನನ್ನ ಹೆಸರನ್ನೇ ಇಡುವ ಎನ್ನುತ್ತಾನೆ. 'ಸಂಕಪ್ಪ' ಎಂದರೆ ಅಕ್ಷರ ಅನಿಸುವುದಿಲ್ಲ, ಪಂಚಾಯತಿಗೆ ನಿಂತು ಸೋತವನ ಹಾಗೆ ಕೇಳುತ್ತದೆ. ನೀನು ಟೀಚರು, ದಿನಕ್ಕೆ ನೂರು ಹೆಸರು ಕರೆಯುವವಳು. ಯೋಚಿಸಿ ಬರೆ.

ಅಮ್ಮನಿಗೆ ಇದನ್ನು ಈಗಲೇ ಹೇಳಬೇಡ.

ಅಪ್ಪ


ಬೆಳ್ತಂಗಡಿ,
11-3-1958

ಕಾಂತಿಗೆ ಶೇಖರ ಮಾವನಿಂದ.

ನಾನು ಕಾಗದ ಬರೆಯುವವನಲ್ಲ, ನಿನಗೆ ಗೊತ್ತು. ಅಕ್ಕ ಬರೆಯಲು ಹೇಳಿದಳು, ಬರೆಯುತ್ತಿದ್ದೇನೆ.

ನಿನಗೆ ಬಂದ ಮೂರು ಸಂಬಂಧಗಳೂ ಮಾತು ಮುಗಿದ ಮೇಲೆ ತಪ್ಪಿದವು. ಜೋಯಿಸರಲ್ಲಿ ಪ್ರಶ್ನೆ ಇಟ್ಟೆವು. ಮನೆಯಲ್ಲಿ ಮದುವೆಯ ಪ್ರಾಯಕ್ಕೆ ಬಂದ ಇನ್ನೊಬ್ಬ ಹುಡುಗಿ ಇದ್ದಾಳೆ, ಮೊದಲು ಅವಳದ್ದು ಆಗಬೇಕು ಎಂದು ಬಂತು. ನಿನಗೆ ನಾಲ್ಕು ವರ್ಷ ಆಗಿದ್ದಾಗ ಇಲ್ಲಿ ಹುಟ್ಟಿ, ಹನ್ನೊಂದು ದಿನ ಇದ್ದು ಹೋದ ನಿನ್ನ ತಂಗಿ. ಬದುಕಿದ್ದರೆ ಅವಳಿಗೆ ಈಗ ಇಪ್ಪತ್ತೊಂದು.

ಹುಡುಗನೂ ಸಿಕ್ಕಿದ್ದಾನೆ. ನೆರಿಯದ ಕಾವೇರಮ್ಮ ಎಂಬವರ ಮಗ ಸುಧಾಕರ, ಮೂರು ತಿಂಗಳಿನವ ಹೋದದ್ದು. ಒಳ್ಳೆಯ ಜನ. ತೀರಿಹೋದವರ ಮದುವೆ ಆಟಿ ತಿಂಗಳಲ್ಲೇ ಆಗಬೇಕಲ್ಲ, ಜುಲೈ ಇಪ್ಪತ್ತೇಳು ಎಂದು ಮಾಡಿದ್ದೇವೆ.

ತೊಡಕು ಒಂದೇ. ಅವರು ಹುಡುಗಿಯ ಹೆಸರು ಕೇಳಿದರು. ನಮ್ಮಲ್ಲಿ ಹೆಸರಿಲ್ಲ. ಹನ್ನೆರಡನೇ ದಿನ ತೊಟ್ಟಿಲಿಗೆ ಹಾಕಿ ಹೆಸರಿಡುವುದೆಂದಿತ್ತು, ಹೆಸರು ನಿನ್ನ ತಂದೆ ತರುವುದೆಂದಿತ್ತು. ಅವರು ಬರಲೇ ಇಲ್ಲ. ಮದುವೆಯಲ್ಲಿ ಎಲೆ ಹಾಕಿ, ಹೆಸರು ಹಿಡಿದು ಊಟಕ್ಕೆ ಕರೆಯಬೇಕು. ಹೆಸರಿಲ್ಲದವಳನ್ನು ಏನೆಂದು ಕರೆಯುವುದು?

ಹೊಸ ಹೆಸರು ಇಟ್ಟರೆ ಆಯಿತಲ್ಲ ಎಂದೆ. ಅಕ್ಕ ಒಪ್ಪುವುದಿಲ್ಲ. ಅವರು ಇಡಬೇಕೆಂದಿದ್ದ ಹೆಸರೇ ಆಗಬೇಕು ಎನ್ನುತ್ತಾಳೆ. ನಿನ್ನ ತಂದೆಗೆ ನಾನು ಬರೆಯುವುದಿಲ್ಲ. ನೀನು ಕೇಳು.

ಶೇಖರ


ಮೂಡಬಿದ್ರೆ,
17-3-1958

ಅಪ್ಪನಿಗೆ ಕಾಂತಿಯ ನಮಸ್ಕಾರ.

ಒಂದೇ ವಾರದಲ್ಲಿ ನನಗೆ ಎರಡು ಕಾಗದ ಬಂದವು, ಎರಡರಲ್ಲೂ ಹೆಸರು ಬೇಕು. ನಿಮಗೆ ಪೇರಳೆ ಮರದ ತುಂಡುಗಳಿಗೆ ಬೇಕು. ಶೇಖರ ಮಾವನಿಗೆ ನನ್ನ ತಂಗಿಗೆ ಬೇಕು. ಯಾವುದಕ್ಕೆ ಮೊದಲು ಉತ್ತರ ಬರೆಯುವುದು ಎಂದು ತಿಳಿಯದೆ ಮೂರು ದಿನ ಎರಡನ್ನೂ ಹಾಜರಿ ಪುಸ್ತಕದೊಳಗೆ ಇಟ್ಟುಕೊಂಡು ತಿರುಗಿದೆ. ತರಗತಿಯಲ್ಲಿ ಹೆಸರು ಕರೆಯುವಾಗ ಒಬ್ಬಳನ್ನು ಎರಡು ಸಲ ಕರೆದು, ಮತ್ತೊಬ್ಬಳನ್ನು ಬಿಟ್ಟೇಬಿಟ್ಟೆ.

ಸುಲಭದ್ದು ಮೊದಲು. ಆರನೇ ಕ್ಲಾಸಿನ ಮಕ್ಕಳಿಗೆ ನಿಮ್ಮ ನೋಟೀಸು ತೋರಿಸಿ, ಈ ಅಕ್ಷರಕ್ಕೆ ಹೆಸರಿಡಿ ಎಂದೆ. ಮುತ್ತು, ಮಲ್ಲಿಗೆ, ಚೆಂಡೆ ಎಂದರು. ಮೂಡಬಿದ್ರೆಯವರಲ್ಲವೇ, 'ಸಾವಿರ ಕಂಬ' ಎಂದು ಒಬ್ಬ ಗಟ್ಟಿ ಹಿಡಿದ. ಕೊನೆಗೆ ಒಬ್ಬಳು ಎದ್ದು "ನೇತ್ರಾವತಿ" ಎಂದಳು. ಯಾಕೆ ಎಂದು ಕೇಳಿದರೆ, "ಹೊಳೆಯ ಹಾಗೆ ಬಗ್ಗಿಕೊಂಡು ಹೋಗ್ತದೆ ಟೀಚರ್" ಎಂದಳು. ನಿಮ್ಮ ಪ್ರೆಸ್ಸಿನ ಹಿಂದೆಯೇ ಹರಿಯುವ ಹೊಳೆ. ನನಗೆ ಚೆನ್ನಾಗಿ ಕಂಡಿತು.

ಇನ್ನೊಂದು. ಅಪ್ಪ, ನನಗೆ ತಂಗಿ ಇದ್ದಳು ಎಂಬುದು ಕನಸಿನ ಹಾಗೆ ನೆನಪುಂಟು. ತೊಟ್ಟಿಲಿಗೆ ಕಟ್ಟಿದ ಹಗ್ಗ ನೆನಪುಂಟು, ಮುಖ ಇಲ್ಲ. ಮನೆಯಲ್ಲಿ ಯಾರೂ ಅವಳ ಮಾತೆತ್ತಿದ್ದಿಲ್ಲ. ನಾನೂ ಕೇಳಿದ್ದಿಲ್ಲ. ಅಮ್ಮ ಬೆಳ್ತಂಗಡಿಯಲ್ಲಿ, ನೀವು ಬಂಟ್ವಾಳದಲ್ಲಿ, ರಜೆಯಲ್ಲಿ ನಾನು ಮಧ್ಯದ ಬಸ್ಸಿನಲ್ಲಿ. ಎಲ್ಲರ ಮನೆಯೂ ಹೀಗೆಯೇ ಎಂದು ತುಂಬ ವರ್ಷ ತಿಳಿದಿದ್ದೆ. ನಿಮ್ಮ ಪ್ರೆಸ್ಸಿನಲ್ಲಿ ನಾನು ಏನನ್ನು ಬೇಕಾದರೂ ಮುಟ್ಟಬಹುದಿತ್ತು, ಮೇಲಿನ ಹಲಗೆಯಲ್ಲಿದ್ದ ಆ ಕಾಗದ ಸುತ್ತಿದ ಕಟ್ಟು ಒಂದನ್ನು ಬಿಟ್ಟು. ಹಾಗೆಯೇ ಇದೂ ಮುಟ್ಟಬಾರದ ಮಾತು ಎಂದುಕೊಂಡಿದ್ದೆ.

ಈಗ ಮುಟ್ಟಲೇಬೇಕಾಗಿದೆ. ಸತ್ತವರ ಮದುವೆಯಲ್ಲಿ ನನಗೆ ನಂಬಿಕೆ ಉಂಟೋ ಇಲ್ಲವೋ ನನಗೇ ಗೊತ್ತಿಲ್ಲ. ಆದರೆ ಅಮ್ಮ ಹೆಸರು ಕೇಳುತ್ತಿದ್ದಾಳೆ. ನೀವು ಅವಳಿಗೆ ಯಾವ ಹೆಸರು ಇಡಬೇಕೆಂದಿದ್ದಿರಿ?

ಕಾಂತಿ


ಬಂಟ್ವಾಳ,
30-3-1958

ಕಾಂತಿಗೆ,

ನೇತ್ರಾವತಿ ಆಗಬಹುದು. ಆ ಹುಡುಗಿಗೆ ನನ್ನ ಹೆಸರಿನಲ್ಲಿ ಒಂದು ಪೆನ್ಸಿಲು ಕೊಡು. ಶೇಷಪ್ಪನಿಗೂ ಒಪ್ಪಿಗೆಯಾಗಿದೆ, ಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ. 'ತ್ರಾ' ಒಂದು ಸ್ವಲ್ಪ ಬಲಕ್ಕೆ ವಾಲುತ್ತದೆ, ತಿದ್ದಬೇಕು. 'ವ' ಚೆನ್ನಾಗಿ ಉಂಟು.

ಮತ್ತೊಂದು ವಿಷಯ ನೆನಪಿಲ್ಲ. ಇಪ್ಪತ್ತೊಂದು ವರ್ಷ ಆಯಿತಲ್ಲ. ಅಮ್ಮನೇ ಒಂದು ಇಡಲಿ.

ಅಪ್ಪ


ಬೆಳ್ತಂಗಡಿ,
4-5-1958

ಅಪ್ಪನಿಗೆ,

ರಜೆಗೆ ಬಂದವಳು ಇಲ್ಲಿ ದೊಡ್ಡ ಗೊಂದಲದಲ್ಲಿ ಸಿಕ್ಕಿಬಿದ್ದಿದ್ದೇನೆ. ಅರ್ಧ ತಪ್ಪು ನನ್ನದೇ.

ನಿಮಗೆ ನೆನಪಿಲ್ಲ ಎಂಬುದನ್ನು ಅಮ್ಮನಿಗೆ ಹೇಗೆ ಹೇಳುವುದೆಂದು ನಾನು ದಿನ ಮುಂದೂಡುತ್ತಿದ್ದೆ. ಅಷ್ಟರಲ್ಲಿ ಮಾವ ಯಾವುದೋ ಕೆಲಸಕ್ಕೆಂದು ಬಿ.ಸಿ.ರೋಡಿಗೆ ಹೋದರು. ಬಸ್ಸಿನ ಹತ್ತಿರ ಶೇಷಪ್ಪ ಸಿಕ್ಕಿದ್ದಾನೆ. ಮಾವ ಅವನಲ್ಲಿ, "ನಿಮ್ಮ ಧಣಿಗಳಿಗೆ ಒಂದು ಹೆಸರು ಕೇಳಿ ಕಳಿಸಿದ್ದಿತ್ತು, ಎಂತಾಯಿತಂತೆ?" ಎಂದಿದ್ದಾರೆ. ಶೇಷಪ್ಪ, "ಆಯಿತಲ್ಲ, ನೇತ್ರಾವತಿ ಅಂತ ಮಾಡಿದ್ದಾರೆ. ಧಣಿಗಳಿಗೆ ಭಾರೀ ಖುಷಿ" ಎಂದಿದ್ದಾನೆ.

ಮಾವ ಅಲ್ಲಿಂದಲೇ ನೆರಿಯಕ್ಕೆ ಹೋಗಿ ಕಾವೇರಮ್ಮನಿಗೆ ಹುಡುಗಿಯ ಹೆಸರು ಹೇಳಿ, ಬೆಲ್ಲ ನೀರು ಕುಡಿದು ಬಂದಿದ್ದಾರೆ. ಹೆಣ್ಣಿಗೆ ಹೆಸರಾಯಿತು ಎಂದು ಅಂಗಳದಿಂದಲೇ ಕೂಗಿದರು.

ಅಮ್ಮ ಒಲೆಯ ಹತ್ತಿರ ಇದ್ದವಳು ಹಾಗೆಯೇ ನಿಂತಳು. "ಹೊಳೆಯ ಹೆಸರಾ?" ಎಂದಳು. "ಬರೆಯಲಿಕ್ಕೆ ಚಂದದ ಹೆಸರು ಹುಡುಕಿದ್ದೇನೆ, ಅವತ್ತೇ ಹೇಳ್ತೇನೆ ಅಂತ ಹೇಳಿದ್ರು. ಇದು ಬರೆಯಲಿಕ್ಕೆ ಚಂದವಾ ಕಾಂತಿ?" ಅವಳಿಗೆ ಓದು ಬರಹ ಇಲ್ಲ, ನನ್ನನ್ನು ಕೇಳುತ್ತಾಳೆ. ನಾನು ನಿಜ ಹೇಳಲಾರದೆ ಹೌದು ಎಂದೆ.

ಅಪ್ಪ, ಪ್ರತಿ ಆಟಿಯಲ್ಲಿ ನಾವು ಹಿರಿಯರಿಗೆ ಬಡಿಸುತ್ತೇವಲ್ಲ. ಒಬ್ಬೊಬ್ಬರ ಹೆಸರು ಹೇಳಿ ಒಂದೊಂದು ಎಲೆ. ಎಲ್ಲ ಮುಗಿದ ಮೇಲೆ ಅಮ್ಮ ಮೂಲೆಯಲ್ಲಿ ಒಂದು ತುಂಡು ಎಲೆಯ ಮೇಲೆ ಸ್ವಲ್ಪ ಹಾಲು ಇಟ್ಟು, ಏನೂ ಹೇಳದೆ ಏಳುತ್ತಿದ್ದಳು. ಅದು ಯಾರಿಗೆ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಈಗ ಗೊತ್ತಾಯಿತು. ಹೆಸರಿಲ್ಲದ್ದಕ್ಕೆ ಕರೆಯುತ್ತಿರಲಿಲ್ಲ.

ನಿನ್ನೆ ಅಕ್ಕಿ ಗೇರುತ್ತಾ ಮೆಲ್ಲಗೆ "ನೇತ್ರಾವತಿ, ನೇತ್ರಾವತಿ" ಎಂದು ಹೇಳಿಕೊಳ್ಳುತ್ತಿದ್ದಳು. ನಾಲಗೆಗೆ ಅಭ್ಯಾಸ ಆಗಲಿ ಎಂದು. ನಾನು ಬಾವಿಕಟ್ಟೆಗೆ ಹೋಗಿ ಸುಮ್ಮನೆ ನಾಲ್ಕು ಕೊಡ ನೀರು ಸೇದಿದೆ.

ಅದು ನಿಮ್ಮ ಅಚ್ಚಿನ ಹೆಸರು ಎಂದು ಹೇಳಿಬಿಡಲೇ? ಹೇಳಿದರೆ ಅವಳಿಗೆ ಮತ್ತೆ ಹೆಸರಿಲ್ಲ. ಹೇಳದಿದ್ದರೆ ನನ್ನ ತಂಗಿ ಮತ್ತು ನಿಮ್ಮ ಮರದ ತುಂಡುಗಳು ಒಂದೇ ಹೆಸರಿನವು. ನಿಮಗೆ ಹೇಗೂ ನೆನಪಿಲ್ಲವಲ್ಲ, ಇದೇ ಇರಲಿ ಎಂದರೆ ಸುಮ್ಮನಿರುತ್ತೇನೆ. ನನಗೆ ಒಂದೂ ತಿಳಿಯುತ್ತಿಲ್ಲ.

ಕಾಂತಿ


ಬಂಟ್ವಾಳ,
7-5-1958

ಕಾಂತಿ,

ಅದು ಅವಳ ಹೆಸರಲ್ಲ. ಅಮ್ಮನಿಗೆ ಕೂಡಲೇ ಹೇಳು. ಆ ಹೆಸರು ಹಿಡಿದು ಯಾರೂ ಅವಳನ್ನು ಕರೆಯಬಾರದು. ನೆರಿಯಕ್ಕೂ ಹೇಳಿ ಕಳಿಸಿ. ಶೇಷಪ್ಪನಿಗೆ ನಾನು ಬೇಕಾದಷ್ಟು ಬೈದಾಯಿತು. ಅವನು ಇವತ್ತು ಕೆಲಸಕ್ಕೆ ಬಂದಿಲ್ಲ.

ಅಪ್ಪ


ಬೆಳ್ತಂಗಡಿ,
10-5-1958

ಅಪ್ಪನಿಗೆ,

ಹೇಳಿದೆ. ಅಮ್ಮ ಅಳಲಿಲ್ಲ. ಮಾವ ಎಲೆ ಅಡಿಕೆಯ ತಟ್ಟೆ ಎಸೆದರು.

ನನ್ನದು ಒಂದೇ ಪ್ರಶ್ನೆ. ನೆನಪಿಲ್ಲ ಎಂದವರು ನೀವು. ಅದಲ್ಲ ಎಂದು ನಿಮಗೆ ಹೇಗೆ ಗೊತ್ತಾಯಿತು?

ಕಾಂತಿ


ಬಂಟ್ವಾಳ,
24-6-1958

ಕಾಂತಿಗೆ,

ನಿನ್ನ ಕಾಗದಕ್ಕೆ ಆರು ವಾರ ಉತ್ತರ ಬರೆಯಲಿಲ್ಲ. ಬರೆಯಲಿಲ್ಲ ಎನ್ನುವುದು ಸರಿಯಲ್ಲ, ಬರೆದದ್ದನ್ನೆಲ್ಲ ಮಿಷನ್ ಒರೆಸಲು ಹಾಕಿದೆ. ಜನರ ಮದುವೆ, ಸತ್ತವರ ಬೊಜ್ಜ, ಏಲಂ, ಎಲ್ಲ ಜೋಡಿಸಿದ ಕೈ ನನ್ನದೇ ಸಂಗತಿ ಜೋಡಿಸಲು ಹೋದರೆ ಅಕ್ಷರ ತಪ್ಪುತ್ತದೆ.

ಹೆಸರು ನೆನಪುಂಟು. ಒಂದು ದಿನವೂ ಮರೆತಿಲ್ಲ.

ಅವಳು ಹುಟ್ಟಿದ ಸುದ್ದಿ ಬಂದ ದಿನವೇ ಹೋಗಿ ನೋಡಿ ಬಂದೆ. ನನ್ನ ಹೆಬ್ಬೆರಳು ಹಿಡಿದಳು. ಶಾಯಿ ಇತ್ತು, ಅವಳ ಅಂಗೈಗೆ ಕಪ್ಪಾಯಿತು, ನಿನ್ನ ಅಮ್ಮ ಬೈದಳು. ಹನ್ನೆರಡನೇ ದಿನ ಹೆಸರು ತರುತ್ತೇನೆ ಎಂದು ಹೇಳಿ ಬಂಟ್ವಾಳಕ್ಕೆ ಬಂದೆ. ಆಗ ನನಗೆ ಮೂವತ್ತು ವರ್ಷ, ಪ್ರೆಸ್ಸು ಹೊಸತು, ತಲೆ ಸ್ವಲ್ಪ ತಿರುಗಿತ್ತು. ಮಗಳ ಹೆಸರನ್ನು ಇದ್ದುದರಲ್ಲಿ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿ ತೊಟ್ಟಿಲಿನ ಮೇಲೆ ತೂಗಹಾಕಬೇಕು ಎಂದು ಹುಚ್ಚು. ಊರಿನಲ್ಲಿ ಯಾರ ಮಗುವಿಗೂ ಹಾಗೆ ಇರಲಿಲ್ಲ. ಮಂಗಳೂರಿನಿಂದ ತಂದ ಒಂದಿಂಚಿನ ಮರದ ಅಕ್ಷರಗಳ ಸೆಟ್ಟು ಇತ್ತು, ಒಂದೊಂದು ಅಕ್ಷರ ಒಂದೊಂದೇ. ಹನ್ನೊಂದನೇ ದಿನ ಜೋಡಿಸಿ, ದಾರ ಕಟ್ಟಿ, ಒಂದು ಹಾಳೆ ತೆಗೆದೆ. ಶ, ಶಿ, ಪ್ರ, ಭಾ. ಶಶಿಪ್ರಭಾ.

ಹನ್ನೆರಡನೇ ದಿನ ಬೆಳಿಗ್ಗೆ ಹಾಳೆ ಸುರುಳಿ ಮಾಡಿ ಕಂಕುಳಲ್ಲಿಟ್ಟು ಬೆಳ್ತಂಗಡಿಗೆ ಬಂದೆ. ಹೌದು, ಬಂದೆ. ನಿಮ್ಮ ಮನೆಯ ಬೇಲಿ ದಾಟುವ ತಡಮೆಯವರೆಗೆ ಬಂದೆ. ಕೆಲಸದ ಕೂಸಪ್ಪ ತೋಟದಿಂದ ಹಾರೆ ಹಿಡಿದುಕೊಂಡು ಬರುತ್ತಿದ್ದ. ಮೊಣಕೈಯವರೆಗೆ ಹಸಿ ಮಣ್ಣು. ಹೊಸಬ, ನನ್ನ ಗುರುತಿಲ್ಲ. "ಯಾರು ಬೇಕಿತ್ತು?" ಎಂದ. "ಒಳಗೆ ಎಂತದು, ಗದ್ದಲ ಇಲ್ಲ?" ಎಂದೆ. "ಇವತ್ತು ಹೆಸರಿಡ್ಲಿಕ್ಕಿತ್ತು. ಬೆಳಗಾಗುವಾಗ ಮಗು ಹೋಯ್ತು" ಎಂದ.

ನಾನು ಒಳಗೆ ಹೋಗಬೇಕಿತ್ತು. ನಾಲ್ಕು ಹೆಜ್ಜೆ. ಆದರೆ ಕೈಯಲ್ಲಿ ಆ ಹಾಳೆ ಇತ್ತು. ಅದನ್ನು ಹಿಡಿದುಕೊಂಡು ನಿನ್ನ ಅಮ್ಮನ ಎದುರು ಹೇಗೆ ನಿಲ್ಲುವುದು, ಎಸೆದು ಹೋಗುವುದೆಂದರೆ ಹೆಸರನ್ನು ಎಲ್ಲಿ ಎಸೆಯುವುದು, ಏನೂ ತಿಳಿಯಲಿಲ್ಲ. ತಿರುಗಿ ನಡೆದೆ. ನಾಳೆ ಬರುತ್ತೇನೆ ಎಂದುಕೊಂಡೆ. ನಾಳೆ ಬಂದರೆ ನಿನ್ನೆ ಯಾಕೆ ಬರಲಿಲ್ಲ ಎಂದು ಕೇಳುತ್ತಾರೆ ಎಂದು ಹೋಗಲಿಲ್ಲ. ವಾರ ಕಳೆದ ಮೇಲೆ ಇನ್ನೂ ಕಷ್ಟವಾಯಿತು. ಆಮೇಲೆ ಅದೇ ರೂಢಿಯಾಯಿತು. ಹಾಳೆಯನ್ನು ನೇತ್ರಾವತಿಗೆ ಬಿಟ್ಟೆ. ನಿನ್ನ ಹುಡುಗಿ ಆ ಹೊಳೆಯ ಹೆಸರು ಹೇಳಿದಾಗ ಬೇಡವೆನ್ನಲು ನನ್ನಿಂದ ಆಗಲಿಲ್ಲ. ಅದನ್ನೇ ಮಗಳಿಗೆ ಇಟ್ಟರು ಎಂದಾಗ ತಡೆದುಕೊಳ್ಳಲೂ ಆಗಲಿಲ್ಲ.

ಜೋಡಿಸಿದ ಅಚ್ಚನ್ನು ಬಿಚ್ಚಿ ಅಕ್ಷರಗಳನ್ನು ಕೇಸಿಗೆ ಹಾಕುವುದು ಪ್ರೆಸ್ಸಿನ ಮೊದಲ ಪಾಠ. ಅದೊಂದನ್ನು ಬಿಚ್ಚಲಿಲ್ಲ. ಕಾಗದ ಸುತ್ತಿ ಹಲಗೆಯ ಮೇಲಿಟ್ಟೆ. ಸೀಸದ ವಿಷ ಎಂದು ನಿನ್ನನ್ನು ಹೆದರಿಸಿದ್ದು ಅದಕ್ಕೇ.

ಮರುವಾರವೇ ಮೇಳದವರು ನೋಟೀಸಿಗೆ ಬಂದರು. 'ಶನಿವಾರ' ಎನ್ನಲು ಶ ಇಲ್ಲ. 'ಪ್ರಸಂಗ' ಎನ್ನಲು ಪ್ರ ಇಲ್ಲ. 'ಭಾಗವತರು' ಎನ್ನಲು ಭಾ ಇಲ್ಲ. ಮಂಗಳೂರಿಗೆ ಬರೆಯಬಹುದಿತ್ತು. ಮೂರು ಅಕ್ಷರ ಹೇಗೆ ಕಳೆಯಿತು ಎಂದು ಕೇಳಿದರೆ ಏನು ಹೇಳುವುದು? ಹಿತ್ತಿಲಿನ ಪೇರಳೆಯ ಗೆಲ್ಲು ಕಡಿದು ನಾನೇ ಕೊರೆದೆ. ನನ್ನ ಶ ಸ್ವಲ್ಪ ಗುಂಡಗಾಯಿತು, ಪಕ್ಕದ ನ ಅದರ ಹತ್ತಿರ ಬಡಕಲಾಗಿ ಕಂಡಿತು. ಹೊಸ ನ ಕೊರೆದೆ. ಅದಕ್ಕೆ ಸರಿಯಾಗಿ ವಾ. ಹೀಗೆ ಒಂದರ ಹಿಂದೆ ಒಂದು, ಇಪ್ಪತ್ತೊಂದು ವರ್ಷ. ಹಳೆಯ ಸೆಟ್ಟಿನಲ್ಲಿ ಈಗ ಉಳಿದಿರುವುದು ಹಲಗೆಯ ಮೇಲಿನ ಆ ನಾಲ್ಕೇ. ಮದರಾಸಿನವರು ಹೊಗಳಿದ್ದು ನನ್ನ ಕೈಯನ್ನಲ್ಲ, ಬಿಚ್ಚಲಾಗದ ಒಂದು ಕಟ್ಟನ್ನು.

ಈಗ ನನಗೆ ಇನ್ನೂ ಗೊಂದಲ. ಹೆಸರು ಅಮ್ಮನಿಗೆ ಕೊಟ್ಟರೆ ಅಚ್ಚಿಗೆ ಏನು ಇಡುವುದು? ಆ ಅಚ್ಚು ಹುಟ್ಟಿದ್ದೂ ಅವಳಿಂದಲೇ ಅಲ್ಲವೇ? ಹಾಗೆಂದು ಮಗಳ ಹೆಸರನ್ನು ಏಲಂ ನೋಟೀಸಿಗೂ ತಲೆನೋವಿನ ಮಾತ್ರೆಯ ಜಾಹೀರಾತಿಗೂ ಹೋಗುವ ಮೊಳೆಗಳಿಗೆ ಇಡುವುದು ಹೇಗೆ? ಯೋಚಿಸಿ ಯೋಚಿಸಿ ನಿನ್ನೆ ಒಂದು ಮದುವೆ ಕಾಗದವನ್ನು ತಲೆಕೆಳಗಾಗಿ ಅಚ್ಚು ಹಾಕಿದೆ.

ಇದನ್ನು ಅಮ್ಮನಿಗೆ ಓದಿ ಹೇಳು. ಬೈದರೆ ಬೈದದ್ದನ್ನೂ ಹಾಗೆಯೇ ಬರೆ.

ಅಪ್ಪ


ಬೆಳ್ತಂಗಡಿ,
13-7-1958

ಅಪ್ಪನಿಗೆ,

ಶನಿವಾರ ಶಾಲೆ ಮುಗಿಸಿ ಇಲ್ಲಿಗೆ ಬಂದೆ. ಕಾಗದವನ್ನು ಅಮ್ಮನಿಗೆ ಎರಡು ಸಲ ಓದಿದೆ. ಮೊದಲ ಸಲ ನನಗೇ ಓದಲಾಗದೆ ಮಧ್ಯದಲ್ಲಿ ನಿಂತೆ, ಅದಕ್ಕೆ ಎರಡು ಸಲ. ಇನ್ನು ಮುಂದಿನದು ಅಮ್ಮ ಹೇಳುವುದು, ನಾನು ಬರೆಯುವುದು. ಅವಳು ಹೇಳುವುದು ತುಳುವಿನಲ್ಲಿ, ಕೈ ಮಾತ್ರ ಕನ್ನಡ.

"ಬರಿ. ಅವತ್ತು ಕೂಸಪ್ಪ ಬಂದು ಹೇಳಿದ್ದ ನನ್ನ ಹತ್ರ. 'ಅಮ್ಮ, ತಡಮೆಯಲ್ಲಿ ಒಬ್ರು ಬಂದಿದ್ರು, ಕಂಕುಳಲ್ಲಿ ಕಾಗದದ ಸುರುಳಿ ಇತ್ತು, ನಾನು ಹೇಳಿದ ಕೂಡಲೇ ಹೋದ್ರು' ಅಂತ. ಸರ್ವೆಯವರು ಇರಬೇಕು ಅಂದೆ ನಾನು. ಆ ವರ್ಷ ಗದ್ದೆ ಅಳೆಯಲಿಕ್ಕೆ ಬರ್ತಿದ್ರಲ್ಲ. ಇಪ್ಪತ್ತೊಂದು ವರ್ಷ ನಾನು ಅವರನ್ನು ಸರ್ವೆಯವರು ಅಂತ ತಿಳ್ಕೊಂಡದ್ದು. ಬರೆದ್ಯಾ?

"ನಾಲ್ಕು ಹೆಜ್ಜೆ ಅಂತೆ! ನಾನು ಒಳಗೆ ಬಾಗಿಲಿಗೆ ಒರಗಿ ಕೂತಿದ್ದೆ. ಅವರಿಗೆ ಕಾಗದ ಹಿಡ್ಕೊಂಡು ಬರ್ಲಿಕ್ಕೆ ಆಗ್ಲಿಲ್ಲ. ನನಗೆ ಹಾಲು ಕಟ್ಟಿತ್ತು, ನಾನೆಲ್ಲಿಗೆ ಹೋಗುವುದು? ಇದನ್ನೂ ಬರಿ. ಬಿಡಬೇಡ.

"ಹೆಸರು ಇನ್ನೊಮ್ಮೆ ಹೇಳು. ಶಶಿಪ್ರಭಾ. ಹೌದಾ. ಚಂದ ಉಂಟು. ಹುಡುಗಿಗೆ ಅದೇ. ನೆರಿಯಕ್ಕೆ ನಾನೇ ಹೋಗಿ ಹೇಳ್ತೇನೆ, ಶೇಖರ ಹೋಗುವುದು ಬೇಡ.

"ಆದ್ರೆ ಅವರು ಒಂದು ಮರ್ತಿದ್ದಾರೆ. ಮಗು ಹನ್ನೊಂದು ದಿನ ಹೆಸರಿಲ್ಲದೆ ಇತ್ತಾ? ನಾನು ಏನೂ ಕರೆಯದೆ ಹಾಲು ಕೊಟ್ಟೆನಾ? ಕಿನ್ನಿ ಅಂತ ಕರಿತಿದ್ದೆ. ಕೋಳಿಮರಿಯಷ್ಟೇ ಇತ್ತು, ಕಿನ್ನಿ ಅಂತ. ಅದು ಎಲೆ ಹಾಕಿ ಕರೆಯುವ ಹೆಸರು ಅಲ್ಲ, ತೊಡೆಯ ಮೇಲಿನ ಹೆಸರು. ಅದಕ್ಕೇ ಆಟಿಯಲ್ಲಿ ಬಾಯಿಬಿಟ್ಟು ಹೇಳ್ಲಿಕ್ಕೆ ಆಗ್ತಿರ್ಲಿಲ್ಲ. ಅಚ್ಚಿಗೆ ಅದನ್ನು ಇಡ್ಲಿ. ಹೊರಗಿನ ಹೆಸರು ಅವರದ್ದು, ಒಳಗಿನ ಹೆಸರು ನನ್ನದು. ಏಲಂ ನೋಟೀಸಿಗೆ ಹೋದ್ರೆ ಹೋಗ್ಲಿ. ಮಕ್ಕಳು ಎಲ್ಲಿಗೆ ಹೋಗುವುದಿಲ್ಲ? ಊರೂರು ತಿರುಗ್ಲಿ ಅದು. ಇಲ್ಲಿ ಹನ್ನೊಂದು ದಿನ ಮಾತ್ರ ಇದ್ದದ್ದು.

"ಇಪ್ಪತ್ತೇಳಕ್ಕೆ ಬರ್ಬೇಕು ಅಂತ ಬರಿ. ಧಾರೆಗೆ ತಂದೆ ಬೇಕು. ತಡಮೆ ದಾಟಿ ಬರ್ಬೇಕು. ಆ ಕಟ್ಟನ್ನೂ ತರ್ಲಿ. ಶಾಯಿ ಇಲ್ಲದ ಅಂಗಿ ಹಾಕ್ಕೊಂಡು ಬರ್ಲಿ."

ಇಷ್ಟು ಹೇಳಿ ಎದ್ದು ಹೋದಳು. ಈಗ ಹಟ್ಟಿಯಲ್ಲಿ ದನದ ಹತ್ತಿರ ಏನೋ ಜೋರಾಗಿ ಮಾತಾಡುತ್ತಿದ್ದಾಳೆ. ಸಿಟ್ಟೋ ಸಂತೋಷವೋ ನನಗೆ ಗೊತ್ತಾಗುತ್ತಿಲ್ಲ. ಮದುವೆಯಾಗದ ಅಕ್ಕ ಅವತ್ತು ಎದುರಿಗೆ ಇರಬಾರದೆಂದು ಜೋಯಿಸರು ಹೇಳಿದ್ದಾರೆ. ನಾನು ಮೂಡಬಿದ್ರೆಯಲ್ಲೇ ಇರುತ್ತೇನೆ. ಆಗಿದ್ದೆಲ್ಲವನ್ನೂ ನೀವೇ ಬರೆಯಬೇಕು.

ಕಾಂತಿ


ಬೆಳ್ತಂಗಡಿ,
30-7-1958

ಕಾಂತಿಗೆ,

ಮೇಲೆ ಊರಿನ ಹೆಸರು ಬರೆಯುವಾಗ ರೂಢಿಯಲ್ಲಿ ಬಂಟ್ವಾಳ ಎಂದು ಬರೆದು, ಹೊಡೆದು ಹಾಕಿ, ಬೇರೆ ಕಾಗದ ತೆಗೆದುಕೊಂಡೆ.

ಮದುವೆ ಆಯಿತು. ತಡಮೆಯ ಹತ್ತಿರ ಶೇಖರ ನಿಂತಿದ್ದ. ನನ್ನ ಕೈಯಿಂದ ಕೊಡೆ ತೆಗೆದುಕೊಂಡ. ನಾಲ್ಕು ಹೆಜ್ಜೆ ಅಲ್ಲ, ಹದಿನಾರು. ನೆನಪು ಎಷ್ಟು ಸುಳ್ಳು ಹೇಳುತ್ತದೆ ನೋಡು.

ಚಾವಡಿಯಲ್ಲಿ ಎರಡು ಮಣೆ ಇಟ್ಟಿದ್ದರು. ನೆರಿಯದವರು ಹುಡುಗನ ಲೆಕ್ಕದಲ್ಲಿ ಒಂದು ಬೆಳ್ಳಿಯ ಉಡಿದಾರ ತಂದಿದ್ದರು, ಅವನು ಮೂರು ತಿಂಗಳು ಕಟ್ಟಿಕೊಂಡದ್ದು. ಹುಡುಗಿಯ ಮಣೆಯ ಮೇಲೆ ಸೀರೆ, ಬಳೆ. ಅವುಗಳ ಮಧ್ಯದಲ್ಲಿ ಹುಡುಗಿಯ ಲೆಕ್ಕದಲ್ಲಿ ಏನಿಡುವುದು ಎಂದು ಯೋಚಿಸುತ್ತಿದ್ದರು. ನಿನ್ನ ಅಮ್ಮ ನನ್ನ ಕೈಯಿಂದ ಕಟ್ಟು ತೆಗೆದುಕೊಂಡು ಕಾಗದ ಬಿಡಿಸಿದಳು. ದಾರ ಮುಟ್ಟಿದರೆ ಪುಡಿಯಾಯಿತು. ಅಕ್ಷರಗಳು ಚೆಲ್ಲಿಹೋಗುತ್ತವೆ ಎಂದು ನಾನು ಕೈ ಒಡ್ಡಿದೆ. ಚೆಲ್ಲಲಿಲ್ಲ. ಹಳೆಯ ಶಾಯಿ ಅಂಟಿಕೊಂಡು ನಾಲ್ಕೂ ಒಂದೇ ಸಾಲಿನಲ್ಲಿ ನಿಂತಿದ್ದವು. ಅವಳು ಮಲ್ಲಿಗೆ ಕಟ್ಟುವ ಬಾಳೆನಾರಿನಿಂದ ಹೊಸದಾಗಿ ಸುತ್ತಿ ಸೀರೆಯ ಮೇಲಿಟ್ಟಳು. ಬೆರಳಿನಿಂದ ಒಂದೊಂದನ್ನೇ ಮುಟ್ಟಿ, "ಇದು ಯಾವುದು, ಇದು ಯಾವುದು?" ಎಂದು ಕೇಳಿದಳು. ಅಚ್ಚು ತಿರುಗಾಮುರುಗಾ ಇರುವುದರಿಂದ ಅವಳು ಮೊದಲು ಮುಟ್ಟಿದ್ದು ಕೊನೆಯ ಅಕ್ಷರ. ನಾನು ತಿದ್ದಲಿಲ್ಲ. ಅವಳು ಮುಟ್ಟಿದ ಹಾಗೆಯೇ ಹೇಳುತ್ತಾ ಹೋದೆ.

ಎಲೆ ಹಾಕಿದ ಮೇಲೆ, ತಂದೆ ಹೆಸರು ಹಿಡಿದು ಕರೆಯಬೇಕು ಎಂದರು. ಆಗ ಗೊತ್ತಾಯಿತು ಕಾಂತಿ, ಆ ಹೆಸರನ್ನು ನಾನು ಜೋಡಿಸಿದ್ದೆ, ಅಚ್ಚು ಹಾಕಿದ್ದೆ, ಹೊಳೆಗೆ ಬಿಟ್ಟಿದ್ದೆ, ಬಾಯಿಬಿಟ್ಟು ಒಮ್ಮೆಯೂ ಹೇಳಿರಲಿಲ್ಲ. ಎಲ್ಲರೂ ಕಾಯುತ್ತಿದ್ದರು. ಅಮ್ಮನೇ ಕರೆದಳು. "ಶಶಿಪ್ರಭಾ, ಬಾ ಮಗಾ, ಉಣ್ಣು" ಎಂದಳು. ಎರಡನೆಯ ಸಲಕ್ಕೆ ನನ್ನ ಸ್ವರವೂ ಸೇರಿತು.

ಸಂಜೆ ಕಾವೇರಮ್ಮ ಸೊಸೆಯನ್ನು ಸೆರಗಿನಲ್ಲಿ ಸುತ್ತಿ ಎತ್ತಿಕೊಂಡರು. ನಾಲ್ಕು ಮರದ ಅಕ್ಷರ, ಅವರು ಓದಲಾರರು, ನಿನ್ನ ಅಮ್ಮನೂ ಓದಲಾರಳು. ತಡಮೆಯವರೆಗೆ ಇಬ್ಬರೂ ಕೈ ಹಿಡಿದುಕೊಂಡು ಹೋದರು. ನನಗೆ ದುಃಖವೋ ಹಗುರವೋ ತಿಳಿಯಲಿಲ್ಲ. ಹಳೆಯ ಸೆಟ್ಟಿನದು ಈಗ ಪ್ರೆಸ್ಸಿನಲ್ಲಿ ಒಂದೂ ಇಲ್ಲ.

ಮದರಾಸಿಗೆ 'ಕಿನ್ನಿ' ಎಂದು ಬರೆದು ಹಾಕಿದೆ. ಅರ್ಥ ಏನು, ಜನ ನೆನಪಿಟ್ಟುಕೊಳ್ಳುತ್ತಾರೆಯೇ ಎಂದು ಅವರು ಕೇಳಿದರೆ ಏನು ಹೇಳುವುದೋ ಗೊತ್ತಿಲ್ಲ. ಶೇಷಪ್ಪನಿಗೆ ಹೇಳಿ ಕಳಿಸಿದ್ದೇನೆ, ಅವನು ಈ ಸಲ ಯಾರಿಗೂ ಹೇಳುವುದಿಲ್ಲವಂತೆ.

ಮರುದಿನವೇ ಹೊರಡಬೇಕೆಂದಿದ್ದೆ, ಕೆಲಸ ಬಿದ್ದಿದೆ. ಆದರೆ ನಾನು ಹಾಕಿಕೊಂಡು ಬಂದ ಅಂಗಿಯ ತೋಳಿನಲ್ಲಿ ಶಾಯಿ ಇತ್ತಂತೆ, ನಾನು ನೋಡಿರಲಿಲ್ಲ. ಅಮ್ಮ ಅದನ್ನು ಕಿತ್ತುಕೊಂಡು ನೆನೆಹಾಕಿದ್ದಾಳೆ. ಮೂರು ದಿನದಿಂದ ಸೀಗೆ, ಬೂದಿ, ಲಿಂಬೆಹುಳಿ ಎಲ್ಲ ಹಾಕಿ ತಿಕ್ಕುತ್ತಿದ್ದಾಳೆ. ಕಲೆ ಹೋಗುವವರೆಗೆ ಅಂಗಿ ಕೊಡುವುದಿಲ್ಲ ಎನ್ನುತ್ತಾಳೆ. ಅದು ಹೋಗುವ ಕಲೆ ಅಲ್ಲ ಎಂದು ನಾನು ಹೇಳಲಿಲ್ಲ.

ಅಪ್ಪ